ಗೋಣು ಬೇಡ, ಕೈ ತೋರಿಸು

೨೦೦೬ರಲ್ಲಿ ನಾನು ಓದು ನಿಲ್ಲಿಸಿದೆ, ಎಂಟನೇ ಕ್ಲಾಸಿಗೆ. ಮೇಷ್ಟ್ರು ಹೇಳಿದ್ದು ಕಿವಿಗೆ ಬೀಳುತ್ತಿರಲಿಲ್ಲ. ದಡ್ಡ ಅಂದರು, ಎದ್ದು ಬಂದೆ. ಹತ್ತು ವರ್ಷ ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿದು ಹುಣಸೂರಿನ ಸಾಮಿಲ್ಲಿಗೆ ಸೇರಿದಾಗಲೂ ಕಿವಿಯ ವಿಷಯ ಮುಚ್ಚಿಟ್ಟೆ. ಹೇಳಿದ್ದರೆ ಕೆಲಸ ಕೊಡುತ್ತಿದ್ದರೇ?

ಅಲ್ಲಿನ ಮೇಸ್ತ್ರಿಯ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲವೂ ಮರದ ಹೊಟ್ಟು ಕೂತು ಹಳದಿಯಾಗಿದ್ದವು. ದಿಮ್ಮಿಯನ್ನು ತಟ್ಟಿ, "ಒಳಗೆ ಟೊಳ್ಳದೆ" ಎಂದರೆ ಟೊಳ್ಳು ಇದ್ದೇ ಇರುತ್ತಿತ್ತು. ಬಾಯಿ ಮಾತ್ರ ಕೆಟ್ಟದ್ದು.

ಮೂರನೇ ದಿನ ಅವರು ಗರಗಸದ ಮುಂದೆ ದಿಮ್ಮಿ ತಳ್ಳುತ್ತಿದ್ದರು, ನಾನು ಹಿಂದೆ ನಿಂತು ಹಲಗೆ ಎಳೆಯುತ್ತಿದ್ದೆ. ಏನೋ ಕೂಗಿದರು; 'ಹಿಂದಕ್ಕೆ ಸರಿ' ಅಂದಿದ್ದರೆಂದು ಆಮೇಲೆ ಗೊತ್ತಾಯಿತು. ಯಾವತ್ತಿನ ಅಭ್ಯಾಸದಂತೆ ತಲೆಯಾಡಿಸಿ ಕೈ ಚಾಚಿದೆ. ದಿಮ್ಮಿಯೊಳಗೆ ಮೊಳೆ ಇತ್ತು. ಬ್ಲೇಡು ತುಂಡಾಗಿ ನನ್ನ ಕೈಯ ಪಕ್ಕದ ಕಂಬಕ್ಕೆ ಬಡಿಯಿತು.

ಮಿಷಿನ್ ನಿಲ್ಲಿಸಿ ಎದುರಿಗೆ ಬಂದರು. "ಏನ್ಲಾ ಹೇಳ್ದೆ ನಾನು?"

ತಲೆಯಾಡಿಸಿದೆ.

"ಏನ್ ಹೇಳ್ದೆ ಅಂತ ಕೇಳುದ್ರೆ ಗೋಣ್ ಆಡಿಸ್ತೀಯಲ್ಲೋ! ಕಿವಿ ಕೇಳಲ್ವಾ? ಹೇಳು, ಎಲ್ರಿಗೂ ಕೇಳಂಗೆ ಹೇಳು."

ಹೇಳಿದೆ. ಎಂಟು ಜನರ ಮುಂದೆ. ಇಬ್ಬರು ನಕ್ಕರು. ಮಿಲ್ಲಿನ ಸಾವ್ಕಾರರು ಬಂದು, "ಕೆಪ್ಪನ್ನ ಮಿಷಿನ್ ತಾವ ಯಾಕ್ ಬುಟ್ಟೆ? ಗೇಟ್ ಕಾಯೋಕ್ ಹಾಕು" ಅಂದರು.

"ಗೇಟ್ ಕಾಯೋಕೇ ಕಿವಿ ಬೇಕು ಕಣ್ರೀ ಸಾವ್ಕಾರ್ರೇ. ಇಲ್ಲಿ ಯಾರ್ಗ್ ಕೇಳ್ತದೆ? ಮಿಷಿನ್ ಓಡೋವಾಗ ನಿಮ್ಗೂ ಕೇಳಲ್ಲ. ಇವ್ನು ಇಲ್ಲೇ ಇರ್ತಾನೆ."

ಅಂದೇ ಕಾನೂನು ಮಾಡಿದರು: ಮುಂದಿನವನು ಕೈ ಎತ್ತಬೇಕು, ಹಿಂದಿನವನು ತಿರುಗಿ ಕೈ ಎತ್ತುವವರೆಗೆ ಯಾರೂ ಸ್ವಿಚ್ ಮುಟ್ಟಬಾರದು, ದಿಮ್ಮಿ ತಳ್ಳಬಾರದು. ನಕ್ಕವರಿಗೂ ಅದೇ. ನಾನು ಮರೆತು ತಲೆಯಾಡಿಸಿದರೆ ಬೈಗುಳ: "ಗೋಣ್ ಬ್ಯಾಡ, ಕೈ ತೋರ್ಸು!"

ಆದರೂ ನನ್ನನ್ನು ಪಕ್ಕಕ್ಕೆ ಕರೆದು ಕೇಳಬಹುದಿತ್ತಲ್ಲ? ಒಂದು ತಿಂಗಳು ಅವರು ತರಿಸಿದ ಟೀ ಮುಟ್ಟಲಿಲ್ಲ. ಅವರು ತರಿಸುವುದನ್ನೂ ಬಿಡಲಿಲ್ಲ. ಆ ನಗು ಇವತ್ತಿಗೂ ನನ್ನ ಮೈ ಉರಿಸುತ್ತದೆ. ನಕ್ಕವರ ಮೇಲೆ, ಕೆಪ್ಪ ಅಂದವರ ಮೇಲೆ, ಸುಳ್ಳು ಹೇಳಿದರೇ ಕೆಲಸ ಸಿಗುವ ಈ ಲೋಕದ ಮೇಲೆ ಸಿಟ್ಟು. ನನ್ನ ಮೇಲೂ.

ಹೋದ ವರ್ಷ ಮೇಸ್ತ್ರಿ ತೀರಿಕೊಂಡರು. ಪಿರಿಯಾಪಟ್ಟಣದ ಕಡೆಯ ಅವರ ಹಳ್ಳಿಗೆ ಹೋಗಿ ಮಣ್ಣು ಹಾಕಿ ಬಂದೆ. ನೀವು ಮಾಡಿದ್ದು ಸರಿ ಎಂದು ಒಮ್ಮೆಯೂ ಅವರಿಗೆ ಹೇಳಿರಲಿಲ್ಲ. ಅರ್ಧ ಸರಿ ಎಂದಾದರೂ ಹೇಳಬೇಕಿತ್ತು.

ಈಗ ನನ್ನ ಹತ್ತಿರ ಇರುವುದಿಷ್ಟು: ಅವರು ನಿಲ್ಲುತ್ತಿದ್ದ ಜಾಗದ ಕೆಲಸ ಒಂದು, ಎಡಗಿವಿಗೆ ಕೇಳುವ ಮಿಷಿನ್ ಒಂದು, ಬೆರಳು ಹತ್ತು.