ಎಡಕ್ಕೆ ಹೊರಳಿದರೆ ಗೋವಾ

ಅಡುಗೆಮನೆಯ ಗೋಡೆಯಿಂದ ಹಳೆಯ ಕ್ಯಾಲೆಂಡರ್ ಇಳಿಸುವ ಮೊದಲು ಹನ್ನೆರಡೂ ಹಾಳೆಗಳನ್ನು ಒಮ್ಮೆ ಓದುವುದು ನನ್ನ ರೂಢಿ. ಪ್ರತಿ ತಾರೀಖಿನ ಚೌಕದಲ್ಲೂ ಏನಾದರೊಂದು ಬರೆದಿರುತ್ತೇನೆ. ಗ್ಯಾಸ್ ಬಂತು. ಹಾಲು ಒಡೆಯಿತು. ನಲ್ಲಿ ನೀರು ಎರಡು ದಿನ ತಡ. ಬದನೆ ಗಿಡಕ್ಕೆ ಹುಳ.

ವರ್ಷದ ಕೊನೆಯ ದಿನ ನಾವು ಬೆಳಗಾವಿಯಿಂದ ಖಾನಾಪುರಕ್ಕೆ, ನನ್ನ ಅಕ್ಕನ ಮನೆಗೆ ಊಟಕ್ಕೆ ಹೋಗುತ್ತೇವೆ. ಊಟವಾದ ಮೇಲೆ ಒಬ್ಬೊಬ್ಬರೂ ತಮ್ಮ ವರ್ಷದ ದೊಡ್ಡ ಸಂಗತಿ ಯಾವುದೆಂದು ಹೇಳಬೇಕು. ಅಕ್ಕ ಒಂದು ವರ್ಷ ಕಾಶಿಗೆ ಹೋಗಿ ಬಂದದ್ದನ್ನು ಹೇಳಿದಳು. ಭಾವ ಒಂದು ವರ್ಷ ಬೋರಿಗೆ ನೀರು ಬಿದ್ದದ್ದನ್ನು ಹೇಳಿದರು. ನಾನು ಒಂದು ವರ್ಷ, ಮಿಕ್ಸರ್ ರಿಪೇರಿಯಾಯಿತು ಎಂದೆ. ಅಂದಿನಿಂದ ನನ್ನ ಸರದಿ ಬಂದಾಗ ಭಾವ ಎಲೆ ಅಡಿಕೆ ತರುವ ನೆಪದಲ್ಲಿ ಒಳಗೆ ಹೋಗುತ್ತಾರೆ.

ಮೊನ್ನೆ ಮುಗಿದ ವರ್ಷದ ಹಾಳೆಗಳಲ್ಲಿ ಮಾತ್ರ ಗ್ಯಾಸು ಮತ್ತು ಹಾಲಿನ ನಡುವೆ ‘ಗಾಡಿ’ ಎಂಬ ಮಾತು ಮೇಲಿಂದ ಮೇಲೆ ಬಂದಿದೆ.

ಜನವರಿಯಲ್ಲಿ ಪಕ್ಕದ ಮನೆಯವರಿಗೆ ವರ್ಗವಾಗಿ, ಅವರ ಹಳೆಯ ಸ್ಕೂಟರ್ ನಮ್ಮ ಅಂಗಳಕ್ಕೆ ಬಂತು. ನಮ್ಮವರು ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೇನನ್ನೂ ತುಳಿದವರಲ್ಲ. ಭಾವನಿಗೆ ಹೊಲಕ್ಕೆ ಹೋಗಲು ಗಾಡಿ ಬೇಕಾಗಿತ್ತು; ಅವರಿಗೇ ಕೊಟ್ಟುಬಿಡೋಣ ಎಂದು ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡರು. ನಾನು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ನಾ ಕಲೀತೇನಿ” ಎಂದೆ.

ನನಗೆ ಐವತ್ತೊಂದು. ಅಕ್ಕನನ್ನು ನೋಡಬೇಕೆನಿಸಿದಾಗಲೆಲ್ಲ “ಯಾವಾಗ ಕರಕೊಂಡು ಹೋಗ್ತೀರಿ?” ಎಂದು ಕೇಳುವುದು, “ನೋಡೂಣು” ಎಂಬ ಉತ್ತರ ಪಡೆಯುವುದು, ಹೀಗೆ ಇಪ್ಪತ್ತೆಂಟು ವರ್ಷ ಕಳೆದಿದ್ದೆ. ಬಸ್ಸು ಇದೆ, ರೈಲೂ ಇದೆ. ಆದರೆ ನಮ್ಮ ಮನೆಯಲ್ಲಿ ಬಸ್ಸಿಗೂ ಜೊತೆ ಬೇಕು. ಒಮ್ಮೆಯಾದರೂ ಯಾರನ್ನೂ ಕೇಳದೆ ಹೊರಟು ಅಕ್ಕನ ಬಾಗಿಲು ಬಡಿಯಬೇಕೆಂಬುದು ನನ್ನ ಆಸೆ.

ಫೆಬ್ರವರಿಯ ಒಂದು ಚೌಕದಲ್ಲಿ ‘ಕಬ್ಬಿನ ಟ್ರ್ಯಾಕ್ಟರ್’ ಎಂದಷ್ಟೇ ಇದೆ. ಉದ್ಯಮಬಾಗದ ಕಡೆ ಬಲಕ್ಕೆ ತಿರುಗಲು ಹೋದಾಗ ಎದುರಿನಿಂದ ಎರಡು ಟ್ರಾಲಿ ಕಬ್ಬು ಎಳೆದುಕೊಂಡು ಅದು ಬಂತು. ನಾನು ರಸ್ತೆಯ ನಟ್ಟನಡುವೆ ಗಾಡಿ ನಿಲ್ಲಿಸಿ ಕಣ್ಣು ಮುಚ್ಚಿಕೊಂಡೆ. ಡ್ರೈವರ್ ಇಳಿದು ಬಂದು, “ಕಣ್ಣ ತಗೀರಿ ಅಕ್ಕಾರ, ಇನ್ನೂ ಬದುಕೀರಿ” ಎಂದು ಹೇಳಿ ಗಾಡಿಯನ್ನು ಬದಿಗೆ ದಬ್ಬಿಕೊಟ್ಟ. ಅವತ್ತಿನಿಂದ ನಾನು ಬಲಕ್ಕೆ ತಿರುಗುವುದನ್ನು ಬಿಟ್ಟುಬಿಟ್ಟೆ.

ಲೈಸನ್ಸ್ ಹೇಗೆ ಸಿಕ್ಕಿತು ಎಂದು ನೀವು ಕೇಳಬಹುದು. ಅಲ್ಲಿ ಎಂಟರ ಆಕಾರದಲ್ಲಿ ಓಡಿಸಬೇಕು, ಬಲಕ್ಕೂ ಹೊರಳಬೇಕು, ನಿಜ. ಆದರೆ ಆ ಬಯಲಿನಲ್ಲಿ ಎದುರಿಗೆ ಯಾರೂ ಬರುವುದಿಲ್ಲ.

ಎಡಕ್ಕೆ ಮಾತ್ರ ತಿರುಗಿ ಸಂಸಾರ ನಡೆಸುವುದು ಅಂದುಕೊಂಡಷ್ಟು ಕಷ್ಟವಲ್ಲ, ದಾರಿ ಉದ್ದವಾಗುತ್ತದೆ ಅಷ್ಟೆ. ಹಿಟ್ಟಿನ ಗಿರಣಿ ನಮ್ಮ ಮನೆಯಿಂದ ಬಲಕ್ಕೆ ನಾಲ್ಕನೇ ಕಟ್ಟಡ. ನಾನು ಜೋಳದ ಡಬ್ಬಿ ಇಟ್ಟುಕೊಂಡು ಗೇಟಿನಿಂದ ಎಡಕ್ಕೆ ಹೊರಟು, ಮೂರು ಓಣಿ ಸುತ್ತಿ ಹಿಂದಿನಿಂದ ಬಂದು ಗಿರಣಿ ಮುಟ್ಟುತ್ತಿದ್ದೆ. ಒಮ್ಮೆ ಗಿರಣಿ ಮುಚ್ಚಿದ್ದನ್ನು ನೋಡಿಯೂ ನಿಲ್ಲಿಸಲಾಗದೆ, ಮನೆಯ ಮುಂದಿನಿಂದ ಹಾದು ಇನ್ನೊಂದು ಸುತ್ತು ಹಾಕಿದೆ. ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ನಮ್ಮವರು ತಲೆಯೆತ್ತದೆ, “ಪ್ರದಕ್ಷಿಣಿ ಎಷ್ಟ ಹರಕೀವು?” ಎಂದರು. ತೀರಾ ಅನಿವಾರ್ಯವಾದಾಗ ಇಳಿದು ಗಾಡಿ ದಬ್ಬಿಕೊಂಡು ರಸ್ತೆ ದಾಟುತ್ತಿದ್ದೆ. ಅದನ್ನೂ ಅವರು ನೋಡಿದ್ದರು.

ಯುಗಾದಿಗೆ ಅಕ್ಕ, ಭಾವ ನಮ್ಮಲ್ಲಿಗೆ ಬಂದಾಗ ಗಾಡಿಯ ಮಾತು ಮತ್ತೆ ಎದ್ದಿತು.

“ಓಣಿ ಸುತ್ತಾಕ ಗಾಡಿ ಯಾಕ ಬೇಕ್ರಿ? ನನಗ ಕೊಡ್ರಿ, ಹೊಲಕ್ಕ ಆಗತೈತಿ” ಎಂದರು ಭಾವ.

ನಮ್ಮವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ತೀರ್ಪು ಕೊಟ್ಟರು. “ವರ್ಷದ ಕಡೀ ದಿನ ಒಬ್ಬಾಕಿನ ಹೊಡಕೊಂಡು ಖಾನಾಪುರಕ್ಕ ಬರ್ಲಿ. ನಮ್ಮೆಲ್ಲಾರ ಊಟ ಮುಗಿಯೂದ್ರಾಗ ಮುಟ್ಟಬೇಕು. ನಡುವ ಇಳದು ದಬ್ಬಂಗಿಲ್ಲ. ಮುಟ್ಟಿದ್ರ ಗಾಡಿ ಆಕೀದು, ಇಲ್ಲಾಂದ್ರ ನಿಮ್ಮದು.”

ಭಾವ ಮರುವಾರವೇ ಸೀಟಿಗೆ ಕೆಂಪು ರೆಕ್ಸಿನ್ ಕವರ್ ಹೊಲಿಸಿ ಇಟ್ಟುಕೊಂಡರಂತೆ. ಅಕ್ಕ ಫೋನಿನಲ್ಲಿ ಹೇಳಿದಳು.

ಮುಂದಿನ ತಿಂಗಳುಗಳ ಚೌಕಗಳು ಹೀಗಿವೆ. ‘ಪೀರನವಾಡಿ ತನಕ.’ ‘ಮಚ್ಛೆ ತನಕ, ನಾಯಿ ಬೆನ್ನು ಹತ್ತಿತು.’ ‘ಮಳೆ, ಗಾಡಿ ಇಲ್ಲ.’ ‘ಮಳೆ.’ ‘ಮಳೆ, ಗ್ಯಾಸ್ ಬಂತು.’ ಖಾನಾಪುರದ ಹಾದಿಯ ಒಳ್ಳೆಯತನವೆಂದರೆ ನಮ್ಮ ಓಣಿಯಿಂದ ಎಡಕ್ಕೆ ಹೊರಳಿದರೆ ಸಾಕು, ಮುಂದೆ ನೆಟ್ಟಗೆ. ಅಕ್ಕನ ಮನೆ ರಸ್ತೆಯ ಬಲಕ್ಕಿದೆ ಎಂಬುದನ್ನು ಡಿಸೆಂಬರ್ ತನಕ ನಾನು ಯೋಚಿಸಲೇ ಇಲ್ಲ. ಇಪ್ಪತ್ತೆಂಟು ವರ್ಷ ಹೋಗಿ ಬಂದ ಮನೆ. ಬಸ್ಸಿನಿಂದ ಇಳಿದು ನಡೆಯುವವರಿಗೆ ಎಡ ಬಲ ಯಾರಿಗೆ ಬೇಕು?

ಕೊನೆಯ ದಿನ ನಮ್ಮವರು ಬೆಳಗಿನ ಬಸ್ಸಿಗೇ ಹೋದರು. “ನಿಧಾನ ಬಾ. ಗಾಡೀಗೆ ಏನರ ಆದ್ರ ಭಾವಾರು ಬೈತಾರ” ಎಂದು ಹೇಳಿ ಹೋದರು.

ನಾನು ವಿಭೂತಿ ಹಚ್ಚಿಕೊಂಡು, ಹೆಲ್ಮೆಟ್ ಬಿಗಿದು, ಹತ್ತೂವರೆಗೆ ಹೊರಟೆ. ದೇಸೂರು ದಾಟುವ ತನಕ ಬೆನ್ನು ನೆಟ್ಟಗೇ ಇತ್ತು, ಆಮೇಲೆ ಸ್ವಲ್ಪ ಸಡಿಲಾಯಿತು. ಎರಡೂ ಕಡೆ ಕೊಯ್ದ ಭತ್ತದ ಗದ್ದೆಗಳು, ತಂಪು ಗಾಳಿ. ಹೆಲ್ಮೆಟ್ಟಿನೊಳಗೆ ಸಣ್ಣಗೆ ಹಾಡಿದೆ ಕೂಡ. ಖಾನಾಪುರ ಬಂತು. ದೂರದಿಂದಲೇ ಅಕ್ಕನ ಮನೆಯ ಮಾವಿನ ಮರ ಕಂಡಿತು. ಗೇಟಿನಲ್ಲಿ ಅಕ್ಕ, ಭಾವ ನಿಂತಿದ್ದರು. ನಾನು ವೇಗ ತಗ್ಗಿಸಿ ಬಲಗಡೆಯ ಸಿಗ್ನಲ್ ಹಾಕಿದೆ. ಎದುರಿನಿಂದ ಒಂದು ಬಸ್ಸು, ಅದರ ಹಿಂದೆ ಲಾರಿ, ಅದರ ಹಿಂದೆ ಮತ್ತೊಂದು ಲಾರಿ.

ಅಕ್ಕ ಕೈ ಬೀಸಿದಳು. ನಾನೂ ಕೈ ಬೀಸಿದೆ. ಬೀಸುತ್ತಲೇ ಮುಂದೆ ಹೋದೆ.

“ಏ, ಎಲ್ಲಿಗೆ?” ಎಂದು ಅವಳು ಕೂಗಿದ್ದು ಹಿಂದಿನಿಂದ ಕೇಳಿಸಿತು. ಊರು ಮುಗಿಯಿತು, ಮಲಪ್ರಭೆಯ ಸೇತುವೆಯನ್ನೂ ದಾಟಿದೆ. ಎಡಕ್ಕೆ ಒಂದು ರಸ್ತೆ ಕಂಡದ್ದೇ ತಡ, ಕೈ ತಾನಾಗಿ ಆ ಕಡೆ ಹೊರಳಿತು. ಅದು ನಂದಗಡದ ರಸ್ತೆ.

ನಂದಗಡದಲ್ಲಿ ಅಂದು ಸಂತೆ. ಎಡಕ್ಕೊಮ್ಮೆ, ಮತ್ತೆ ಎಡಕ್ಕೊಮ್ಮೆ ಹೊರಳಿ, ಮೆಣಸಿನಕಾಯಿ ಚೀಲ, ಬಾಳೆಗೊನೆಗಳ ನಡುವೆ ನುಸುಳಿದೆ. ಮೆಂತ್ಯ ಸೊಪ್ಪು ಮಾರುವ ಹೆಂಗಸಿನ ಬುಟ್ಟಿಯ ಅಂಚಿಗೆ ಚಕ್ರ ಮುಟ್ಟಿಸಿ ನಿಂತೆ. “ಅಕ್ಕಾರ, ಹತ್ತಿಸಬ್ಯಾಡ್ರಿ, ತಗೋರಿ” ಎಂದಳು. ಮರ್ಯಾದೆಗೆ ನಾಲ್ಕು ಕಟ್ಟು ತೆಗೆದುಕೊಂಡೆ. ಓಣಿ ಸುತ್ತಿ ಹೇಗೋ ಬಂದ ರಸ್ತೆಗೇ ಸೇರಿದೆ, ಈ ಸಲ ಖಾನಾಪುರದ ಕಡೆ ಮುಖ ಮಾಡಿ. ಗೆದ್ದೆ ಅಂದುಕೊಂಡೆ. ದೊಡ್ಡ ರಸ್ತೆ ಕೂಡುವ ಕ್ರಾಸಿಗೆ ಬಂದಾಗ ಬ್ರೇಕ್ ಹಿಡಿದೆ. ಬರುವಾಗ ಎಡಕ್ಕೆ ಹೊರಳಿದ್ದೆನಲ್ಲ, ಈಗ ಖಾನಾಪುರ ಬಲಕ್ಕಿತ್ತು.

ಗಾಡಿ ನಿಲ್ಲಿಸಿಕೊಂಡು ಕೂತೆ. ಎಷ್ಟು ಹೊತ್ತೋ. ಅಕ್ಕನ ಫೋನ್ ಬಂತು.

“ಎಲ್ಲಿದ್ದೀ ನಮ್ಮವ್ವಾ?”

“ನಂದಗಡ ಕ್ರಾಸಿನ್ಯಾಗ.”

“ಅಲ್ಲೇನ ಮಾಡಾಕತ್ತಿ?”

“ಕುಂತೇನಿ. ಬಲಕ್ಕ ಹೊರಳಬೇಕು.”

“ಎಡಕ್ಕ ಹೊರಳಿದ್ರ?”

“ಗೋವಾ.”

“ಇಳದು ದಬ್ಬಿಕೊಂಡು ದಾಟಿಬಿಡು. ಅಲ್ಲ್ಯಾರ ನೋಡ್ತಾರ?”

“ನಾ ನೋಡ್ತೇನಲ್ಲ” ಎಂದೆ. ಸಂಜೆ ಚೌಕದಲ್ಲಿ ಏನು ಬರೆಯಲಿ?

“ಹಂಗಾರ ಲಗೂ ಮಾಡು. ನಿಮ್ಮವರ ಊಟಾ ಇನ್ನೂ ಮುಗದಿಲ್ಲ, ಖರೇ, ಆದ್ರ ಹೆಚ್ಚ ಹೊತ್ತ ನಡಿಯಂಗಿಲ್ಲ” ಎಂದು ಫೋನ್ ಇಟ್ಟಳು.

ಆಗ ಹಿಂದಿನಿಂದ ಕುರಿಗಳು ಬಂದವು. ಇನ್ನೂರಾದರೂ ಇದ್ದವು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಕುರುಬ ನನ್ನ ಪಕ್ಕ ಬಂದು ನಿಂತ.

“ಯಾಕ್ರಿ ಅಕ್ಕಾರ, ಗಾಡಿ ಕೆಟ್ಟೈತೇನ್ರಿ?”

“ಗಾಡಿ ಚಲೋ ಐತಪ್ಪ. ನನಗ ಬಲಕ್ಕ ಹೊರಳಾಕ ಅಂಜಿಕಿ.”

ಅವನು ನಗಲಿಲ್ಲ. ಕೆಟ್ಟ ಕಾಲಿನ ಕುರಿಯನ್ನು ನೋಡುವಂತೆ ನನ್ನನ್ನೊಮ್ಮೆ ನೋಡಿ, “ನಂದೂ ಆ ಕಡೀನ ಐತಿ. ಇವುಗಳ ನಡುವ ಬರ್ರಿ. ಇವು ದಾಟೂತನಕ ಯಾ ಮಂತ್ರಿ ಕಾರೂ ಬರಂಗಿಲ್ಲ” ಎಂದ.

ಕುರಿಗಳು ರಸ್ತೆಗಿಳಿದವು. ಎರಡೂ ಕಡೆಯ ವಾಹನಗಳು ಗಕ್ಕನೆ ನಿಂತವು. ಒಬ್ಬ ಲಾರಿಯವನು ಹಾರ್ನ್ ಒತ್ತಿದ. “ಹಾರ್ನಿಗೆ ಕುರಿ ಓಡ್ತಾವೇನೋ? ಇಳದು ಚಾ ಕುಡಿ ಹೋಗ!” ಎಂದು ಕುರುಬ ಗದರಿದ. ನಾನು ಆಕ್ಸಿಲರೇಟರನ್ನು ಕೂದಲೆಳೆಯಷ್ಟು ತಿರುವಿದೆ. ಮೊಣಕಾಲಿಗೆ ಉಣ್ಣೆ ಉಜ್ಜುತ್ತಿತ್ತು. ಒಂದು ಟಗರು ಮೆಂತ್ಯದ ಒಂದು ಕಟ್ಟನ್ನು ಎಳೆದು ತಿಂದಿತು, ತಿನ್ನಲಿ ಎಂದು ಬಿಟ್ಟೆ. ಕಾಲುಗಳು ಒಂದೆರಡು ಸಲ ನೆಲಕ್ಕೆ ತಾಗಿದವು, ಆದರೆ ಸೀಟಿನಿಂದ ಇಳಿಯಲಿಲ್ಲ. ರಸ್ತೆಯ ಆಚೆ ಬದಿಗೆ ಹೋಗಿ, ಖಾನಾಪುರದ ಕಡೆ ಮುಖವಾಗಿ, ಕಣ್ಣು ತೆರೆದೇ ನಿಂತಿದ್ದೆ.

ಈ ಕಡೆಯಿಂದ ಬರುವಾಗ ಅಕ್ಕನ ಮನೆ ಎಡಕ್ಕೆ. ಗೇಟಿನೊಳಗೆ ಸಲೀಸಾಗಿ ಹೊರಳಿದೆ. ಎದುರು ಮನೆಯ ಮರಾಠಿ ಅಜ್ಜಿ ಕಟ್ಟೆಯ ಮೇಲಿಂದ, “ಆಲೀ ಗ ಆಲೀ! ತಿಕಡೂನ್ ಆಲೀ!” ಎಂದು, ನಾನು ಬಂದದ್ದನ್ನೂ ಬಂದ ದಿಕ್ಕನ್ನೂ ಸೇರಿಸಿ ಊರಿಗೇ ಸಾರಿದಳು.

ಒಳಗೆ ಪಡಸಾಲೆಯಲ್ಲಿ ಭಾವ ಕೈ ತೊಳೆದು, ಎಲೆ ಅಡಿಕೆಯನ್ನೂ ಮುಗಿಸಿ ಕೂತಿದ್ದರು. ಅವರ ತೊಡೆಯ ಮೇಲೆ ಕೆಂಪು ಸೀಟ್ ಕವರ್ ಮಡಿಸಿಟ್ಟಿತ್ತು. ನಮ್ಮವರು ಮಾತ್ರ ಇನ್ನೂ ತಾಟಿನ ಮುಂದೆ ಇದ್ದರು. ಮುಖ ಕೆಂಪಾಗಿತ್ತು, ಹಣೆಯ ಮೇಲೆ ಬೆವರು. ಎದುರಿಗೆ ಮಜ್ಜಿಗೆ ಅನ್ನ. ಒಂದೊಂದೇ ಅಗುಳು ಎತ್ತಿ ಬಾಯಿಗೆ ಇಡುತ್ತಿದ್ದರು.

“ನಾ ಉಂಡು ತಾಸಿನ ಮ್ಯಾಲಾತು. ಈ ಮನಶ್ಯಾ ಏಳವಲ್ಲ” ಎಂದರು ಭಾವ.

“ಅವಸರದಾಗ ಉಣಬಾರದ್ರಿ” ಎಂದು ನಮ್ಮವರು ನನ್ನ ಮುಖ ನೋಡದೆ ಕೊನೆಯ ತುತ್ತು ನುಂಗಿ, ಆಗ ಎದ್ದರು. ಗೋಡೆ ಹಿಡಿದು ಎದ್ದರು.

ಅಡುಗೆಮನೆಯಲ್ಲಿ ನನಗೆ ಬಡಿಸುತ್ತ ಅಕ್ಕ ಪಿಸುಗುಟ್ಟಿದಳು. “ಮೂರ ಸಲ ಅನ್ನ ಹಾಕಿಸ್ಕೊಂಡ್ರು. ಕಟ್ಟಿನ ಸಾರು ತೀರಿತು. ಆಮ್ಯಾಲ ಹೋಳಿಗಿ ಬರ್ಲಿ ಅಂದ್ರು. ಆರು! ಹೊರಗ ಗಾಡಿ ಸಪ್ಪಳಾದಾಗೊಮ್ಮೆ ಕಿವಿ ನಿಮಿರತಿದ್ದುವು. ನೀ ಗೋವಾಕ್ಕ ಹೋಗಿದ್ರ ಇವರನ್ನ ದವಾಖಾನಿಗೆ ಒಯ್ಯೂದಿತ್ತು.”

ಮನೆಯಲ್ಲಿ ಒಂದೂವರೆ ರೊಟ್ಟಿಗೆ ಸಾಕು ಎಂದು ಕೈ ಅಡ್ಡ ಹಿಡಿಯುವ ಮನುಷ್ಯ.

ಊಟವಾದ ಮೇಲೆ ಸರದಿ ಶುರುವಾಯಿತು. ನನ್ನದು ಬಂದಾಗ ಭಾವ ಒಳಗೆ ಹೋಗಲಿಲ್ಲ. ಬಸ್ಸು, ಲಾರಿ, ಮೆಂತ್ಯ, ಗೋವಾ, ಕುರಿ, ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳಿದೆ. ಅವರು ನಕ್ಕು ಕಣ್ಣೊರೆಸಿಕೊಂಡು, “ಹೊಡದೀ ಬಿಡವಾ” ಎಂದು ತಾವೇ ಅಂಗಳಕ್ಕೆ ಹೋಗಿ ಕೆಂಪು ಕವರನ್ನು ಗಾಡಿಗೆ ಹಾಕಿ ಕಟ್ಟಿಕೊಟ್ಟರು. ನಮ್ಮವರ ಸರದಿ ಬಂದಾಗ, “ಈ ವರ್ಷ ನಂದೇನೂ ಇಲ್ಲ” ಎಂದು ಹೊಟ್ಟೆ ಸವರಿಕೊಂಡರು.

ಬಸ್ ಸ್ಟ್ಯಾಂಡಿನ ತನಕ ನಡೆಯುವ ಸ್ಥಿತಿಯಲ್ಲಿ ಅವರಿರಲಿಲ್ಲ. ನನ್ನ ಹಿಂದೆ ಕೂತರು. ಕೈಯಲ್ಲಿ ಉಳಿದ ಮೂರು ಕಟ್ಟು ಮೆಂತ್ಯ. ಬೆಳಗಾವಿ ಮುಟ್ಟುವ ತನಕ ತೇಗು ಬಿಟ್ಟು ಬೇರೆ ಮಾತಿಲ್ಲ.

ಇನ್ನೂ ಬಿಸಿಲಿತ್ತು. ನಮ್ಮ ಓಣಿ ಬಲಕ್ಕೆ ಕಂಡಿತು. ಮುಂದೆ ಹೋಗಿ ಸುತ್ತಿ ಬರೋಣವೆಂದು ನಾನು ಅಂದುಕೊಳ್ಳುತ್ತಿರುವಾಗಲೇ ಹಿಂದಿನಿಂದ ಮೆಂತ್ಯ ಹಿಡಿದ ಕೈಯೊಂದು ಬಲಕ್ಕೆ ನೆಟ್ಟಗೆ ಚಾಚಿತು.

“ಹೊರಳು. ನಾ ತಡೀತೇನಿ. ಇನ್ನೊಂದ ಸುತ್ತು ನನ್ನ ಹೊಟ್ಟಿಗೆ ಆಗಂಗಿಲ್ಲ.”

ಎದುರಿನ ಬಸ್ಸು ಸೊಪ್ಪು ನೋಡಿ ನಿಂತಿತು. ನಾನು ಹೊರಳಿದೆ.

ಆ ದಿನದ ಚೌಕ ಸಣ್ಣದು, ಮೂಲೆಯಲ್ಲಿ ಆಗಲೇ ಹಾಲಿನ ಲೆಕ್ಕ ಬರೆದಿತ್ತು. ಉಳಿದ ಜಾಗದಲ್ಲಿ ಹಿಡಿದಷ್ಟು ಬರೆದೆ: ‘ಗಾಡಿ ಖಾನಾಪುರ ಮುಟ್ಟಿತು. ಅವರಿಗೆ ಅಜೀರ್ಣ, ಓಂಕಾಳು ನೀರು ಕೊಟ್ಟೆ.’