ಕುರ್ಲಾದ ಗಾಜಿನ ಮನೆಯ ಭತ್ತ

ಕೆಲಸದ ಮೊದಲ ದಿನ ಲಿಫ್ಟ್‌ನಿಂದ ಹೊರಬಂದವಳು ದಂಗಾಗಿ ನಿಂತೆ. ಕೆಳಗಿನ ಮಹಡಿಗಳಲ್ಲಿ ಲೇತ್ ಯಂತ್ರಗಳ ಕಿರುಚಾಟ. ತಾರಸಿಯ ಗಾಜಿನ ಮನೆಯೊಳಗೆ ಕುಂಡಗಳಲ್ಲಿ ತೆನೆ ಬಿಟ್ಟ ಭತ್ತ! ಧಾರವಾಡದಲ್ಲಿ ಕೃಷಿ ಓದುವಾಗ ಗದ್ದೆಗಿಳಿದರೆ ಮೊಣಕಾಲವರೆಗೆ ಕೆಸರು. ಕುರ್ಲಾದ ಈ ಗಾಳಾದಲ್ಲಿ (ಕಾರ್ಖಾನೆ ಕಟ್ಟಡದ ಖೋಲಿಗೆ ಇಲ್ಲಿನವರು ಹಾಗೆನ್ನುತ್ತಾರೆ) ಚಪ್ಪಲಿಗೂ ಮಣ್ಣು ಹತ್ತುವುದಿಲ್ಲ.

ಕಳೆನಾಶಕ ಹೊಡೆದರೂ ಸಾಯದ ಭತ್ತ ನಮ್ಮ ಬೀಜ ಕಂಪನಿಗೆ ಬೇಕಿತ್ತು. ಬ್ಯಾಕ್ಟೀರಿಯಾದ ಮೂಲಕ ಭತ್ತದ ಕೋಶಕ್ಕೆ ಹೊಸ ಜೀನ್ ಸೇರಿಸಿ, ಸಸಿ ಬೆಳೆಸಿ, ಔಷಧ ಹೊಡೆಯುತ್ತಿದ್ದೆವು. ಒಂದು ಮುಂಜಾನೆ ಒಣಗಿದ ಸಸಿಗಳ ನಡುವೆ ಒಂದು ಮಾತ್ರ ಹಸಿರಾಗಿ ನಿಂತಿತ್ತು. ಆ ಸಂಜೆ ಲೋಕಲ್ ರೈಲಿನ ನೂಕುನುಗ್ಗಲಿನಲ್ಲೂ ಒಬ್ಬಳೇ ನಗುತ್ತಿದ್ದೆ. ಮುಲುಂಡ್‌ನಲ್ಲಿ ನನಗೆ ಕೋಣೆ ಕೊಟ್ಟಿದ್ದ ಬೆಳಗಾವಿಯ ಸುಮಿತ್ರಾಬಾಯಿ (ನಾನು ಕರೆಯುವುದು ಮಾವಶಿ, ಅಂದರೆ ಚಿಕ್ಕಮ್ಮ ಎಂದು) ಸಿಹಿಗೆ ಶಿರಾ ಮಾಡಿದರು.

ಸಿಟ್ಟು ಶುರುವಾದದ್ದು ಆಮೇಲೆ. ಕಾಡುಭತ್ತ ಎಂಬ ಕಳೆ ಭತ್ತದ ಹತ್ತಿರದ ಸಂಬಂಧಿ. ಪರಾಗ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಎರಡನ್ನೂ ಅಕ್ಕಪಕ್ಕ ಬೆಳೆಸಿ, ಆ ಕಾಡುಭತ್ತ ಬಿಟ್ಟ ಬೀಜ ಬಿತ್ತಿ ಅದೇ ಕಳೆನಾಶಕ ಹೊಡೆದೆ. ಕೆಲವು ಸಾಯಲಿಲ್ಲ. ಕೊಲ್ಲಬೇಕಾದ ಕಳೆಗೇ ನಮ್ಮ ಜೀನ್ ದಾಟಿತ್ತು.

ಮೀಟಿಂಗಿನಲ್ಲಿ ಅದನ್ನು ತೋರಿಸಿದೆ.

"ಮ್ಯಾಡಮ್, ಯೇ ಸ್ಲೈಡ್ ನಿಕಾಲ್ ದೋ," ಎಂದರು ನಮ್ಮ ಮುಖ್ಯಸ್ಥರು. ತೆಗೆದುಹಾಕಿ ಎಂದು.

"ಗದ್ದೆಯಲ್ಲೂ ಹೀಗೇ ಆದರೆ?" ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ.

"ತಬ್ ದೂಸ್ರೀ ದವಾ ಬೇಚೇಂಗೇ!"

ಆಗ ಬೇರೆ ಔಷಧ ಮಾರುತ್ತಾರಂತೆ! ಹಳ್ಳಿಯವಳ ಪ್ರಶ್ನೆ ಎಂಬಂತೆ ಕೋಣೆಯವರೆಲ್ಲ ನಕ್ಕರು. ಕನ್ನಡದ ಬೈಗುಳ ಬಾಯಿತನಕ ಬಂತು. ಜಗಳವಾಡುವಷ್ಟು ಹಿಂದಿ ನನಗೆ ಬರುತ್ತಿರಲಿಲ್ಲ. ತೆಗೆಯುವುದಿಲ್ಲ ಎಂದಷ್ಟೇ ಹೇಳಿದೆ. ಕೆಲವೇ ದಿನಗಳಲ್ಲಿ ನನ್ನನ್ನು ಭತ್ತದ ಕೆಲಸದಿಂದ ಬಿಡಿಸಿ, ಬೀಜದ ಪ್ಯಾಕೆಟ್‌ಗಳ ತಪಾಸಣೆಗೆ ಹಾಕಿದರು.

"ಕಾಯ್ ಝಾಲಂ ಗ? ನೋಕರಿ ಬಿಟ್ಟ ಊರಿಗೆ ಹೋಗ್ತೀಯೇನ?" ಏನಾಯಿತೆಂದು ಮರಾಠಿ ಬೆರೆಸಿ ಸುಮಿತ್ರಾಬಾಯಿ ಕೇಳಿದರು.

"ಯಾಕ ಹೋಗ್ಲಿ, ಮಾವಶಿ? ಇಲ್ಲೇ ಇದ್ದ ಮತ್ತ ಮತ್ತ ಕೇಳ್ತೀನಿ."

ತಮ್ಮ ಬಸವರಾಜ ಕಲಘಟಗಿಯ ಹತ್ತಿರ ಭತ್ತ ಬೆಳೆಯುತ್ತಾನೆ. ಅವನಾದರೂ ನನ್ನ ಪರ ಸಿಟ್ಟಾಗುತ್ತಾನೆಂದು ಫೋನ್ ಮಾಡಿ ಎಲ್ಲ ಹೇಳಿದೆ.

"ಅಕ್ಕಾ, ಆ ಭತ್ತಕ್ಕ ನೀನ ಅಡ್ಡ ನಿಂತಿ?" ಎಂದ. "ಕಳೆ ತಗ್ಯಾಕ ಆಳು ಸಿಗವಲ್ರು. ಬಗ್ಗಿ ಬಗ್ಗಿ ಶೋಭಾನ ನಡಾ ಹಿಡದೈತಿ." ಶೋಭಾ ಅವನ ಹೆಂಡತಿ.

"ಒಂದೆರಡ ವರ್ಷಕ್ಕ ಆ ಕಳೆನೂ ಸಾಯಂಗಿಲ್ಲೋ. ಆಮ್ಯಾಲ?"

"ಆ ಒಂದೆರಡ ವರ್ಷಾದ್ರೂ ಅಕಿ ನೆಟ್ಟಗ ನಿಲ್ತಿದ್ಲಲ್ಲ!"

ಫೋನ್ ಇಟ್ಟುಬಿಟ್ಟ. ಆಫೀಸಿನಲ್ಲಿ ನನ್ನನ್ನು ಹಳ್ಳಿಯವಳೆಂದು ದೂರ ಇಟ್ಟಿದ್ದಾರೆ, ಊರಿನಲ್ಲಿ ಕಂಪನಿಯವಳೆಂದು. ಮುಖ್ಯಸ್ಥರ ಮೇಲಿನ ಸಿಟ್ಟು ಇನ್ನೂ ಆರಿಲ್ಲ, ಆರುವುದೂ ಬೇಡ. ತಮ್ಮನ ಮೇಲೂ ಸಿಟ್ಟಿದೆ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳು ಯಾವುದೆಂದು ಹುಡುಕಿದರೆ ನನಗೆ ಸಿಗುತ್ತಿಲ್ಲ.