ಹಲಗೆಯಲ್ಲೇ ಕೆತ್ತಿದ ಗುಡ್ಡೆಗಳು

ಚಿಕ್ಕಪ್ಪನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಮರಳುಕಾಗದ ಉಜ್ಜಿ ಉಜ್ಜಿ, ಪ್ಲಾಸ್ಟಿಕ್ ಅಂಟಿಸುವ ದ್ರವದಲ್ಲಿ ಅದ್ದಿ ಅದ್ದಿ, ಅವು ಸುಲಿದ ಆಲೂಗಡ್ಡೆಯ ಹಾಗೆ ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಮಿಷನ್ನು ಅವನ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. “ಲೇ, ಇಷ್ಟೆತ್ತರದ ಮನ್ಸ ಮುಂದೆ ನಿಂತಿವ್ನಿ, ನಿನ್ ಮಿಷನ್ಗೆ ಕಾಣಾಕಿಲ್ವೇನ್ಲಾ?” ಎಂದು ಕೂಗುತ್ತಿದ್ದ. ಸಾಲಿನಲ್ಲಿ ನಿಂತವರು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ.

ಮಂಡ್ಯದಲ್ಲಿ ಅವನದೊಂದು ಅಂಗಡಿ. ಮನೆ ಕಟ್ಟಿಸುವವರಿಗೆ, ಲೇಔಟ್ ಮಾಡುವವರಿಗೆ ಮಾಡೆಲ್ ಮಾಡಿಕೊಡುವ ಕೆಲಸ. ಅಪ್ಪ ತೀರಿಕೊಂಡ ಮೇಲೆ ಆ ಅಂಗಡಿಯೇ ನನ್ನನ್ನು ಓದಿಸಿತು. ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು, ಸಿವಿಲ್ ಇಂಜಿನಿಯರಿಂಗ್. ಎದೆ ತಟ್ಟಿಯೇ ಹೇಳುತ್ತೇನೆ. ಯಾರಿಗೆ ಬೇಕಾದರೂ ಜಂಬ ಅನ್ನಿಸಲಿ.

ಅವನು ಸಾಧು ಮನುಷ್ಯನೇನಲ್ಲ. ಪ್ರಾಜೆಕ್ಟ್ ಮಾಡಿಸಿಕೊಳ್ಳಲು ಬರುವ ಕಾಲೇಜು ಹುಡುಗರನ್ನು ಬೈದು ಅಳಿಸುತ್ತಿದ್ದ. ಅವನ ಮಾಡೆಲ್‌ಗಳಲ್ಲಿ ತೆಂಗಿನಮರಗಳು ಯಾವಾಗಲೂ ಅಳತೆ ಮೀರಿ ಬೆಳೆದಿರುತ್ತಿದ್ದವು. ಸ್ಕೇಲ್ ಹಿಡಿದು ತೋರಿಸಿದರೆ, “ಕೆಳಗ್ನಿಂದ ನೋಡ್ದಾಗ ಅಂಗೇ ಕಾಣದು ಕಣವ್ವಾ ಇಂಜಿನಿಯರಮ್ಮ, ಸುಮ್ಕಿರು” ಎನ್ನುತ್ತಿದ್ದ. ತಿದ್ದುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವನು ಜಗ್ಗುತ್ತಿರಲಿಲ್ಲ. ಈಗಾಗಲೇ ನೆಲದ ಮೇಲೆ ಇರುವುದೆಲ್ಲ ಮರದಲ್ಲಿ, ಮುಂದೆ ಕಟ್ಟುತ್ತೇವೆ ಅನ್ನುವುದೆಲ್ಲ ಪ್ಲಾಸ್ಟಿಕ್ಕಿನಲ್ಲಿ. ಹಳೆ ಬಾವಿ, ನಾಲೆ, ಹುಣಸೆಮರ ಇದ್ದರೆ ಮರ. ಮನೆಗಳು, ಪಾರ್ಕು, ಈಜುಕೊಳ ಪ್ಲಾಸ್ಟಿಕ್ಕು. “ಕಾಸು ಕೊಡೋನ್ಗೆ ಯಾವ್ದು ಐತೆ, ಯಾವ್ದು ಬರೀ ಬಾಯ್ಮಾತು ಅಂತ ಗೊತ್ತಾಗ್ಬೇಕು” ಎನ್ನುತ್ತಿದ್ದ.

ಮದ್ದೂರಿನ ಹತ್ತಿರ ನಮ್ಮೂರ ಪಕ್ಕದ ಜಮೀನನ್ನೆಲ್ಲ ಕೊಂಡ ಲೇಔಟ್ ಮಾಲೀಕನೊಬ್ಬ ಈ ಅಂಗಡಿಗೇ ಮಾಡೆಲ್ ಮಾಡಿಸಲು ಬಂದ. ಅವನು ತಂದ ನಕ್ಷೆಯಲ್ಲಿ ನಮ್ಮ ಕೇರಿಯ ಸ್ಮಶಾನದ ಜಾಗಕ್ಕೆ ಹಸಿರು ಬಳಿದು ‘ಮಕ್ಕಳ ಪಾರ್ಕ್’ ಎಂದು ಬರೆದಿತ್ತು. ಆ ಜಾಗ ಅವನು ಕೊಂಡದ್ದಲ್ಲ, ಯಾರೂ ಅವನಿಗೆ ಮಾರಿದ್ದಲ್ಲ. ಚಿಕ್ಕಪ್ಪ ನಕ್ಷೆ ನೋಡಿದ. ಉಳಿ ಮಸೆದ.

ಒಪ್ಪಿಸುವ ದಿನ ನಾನೂ ಅಂಗಡಿಯಲ್ಲಿದ್ದೆ. ರಸ್ತೆ, ಮನೆ, ಕ್ಲಬ್ಬು ಎಲ್ಲ ಮಿರಮಿರ ಮಿಂಚುತ್ತಿದ್ದವು. ಒಂದು ಮೂಲೆಯಲ್ಲಿ ಮಾತ್ರ ಬರೀ ಮರ, ಅದರ ಮೇಲೆ ಪುಟ್ಟ ಪುಟ್ಟ ಉಬ್ಬುಗಳು.

“ಏನಯ್ಯ ಇವು?” ಎಂದ ಮಾಲೀಕ.

ಚಿಕ್ಕಪ್ಪ ಬೆರಳಿಟ್ಟು ತೋರಿಸಿದ. “ಇದು ನಮ್ಮಪ್ಪ. ಇದು ನಮ್ಮವ್ವ. ಇದು ನಮ್ಮಣ್ಣ, ಅಗಾ, ಆ ಉಡ್ಗಿ ಅಪ್ಪ.”

“ಸೈಟ್ ನೋಡಕ್ಕೆ ಬರೋರು ಓಡೋಯ್ತಾರೆ ಕಣಯ್ಯ! ಕಿತ್ತಾಕು.”

“ಅಂಟ್ಸಿದ್ರೆ ಕೀಳ್ಬೋದಿತ್ತು. ಅಡಿ ಹಲ್ಗೇಲೇ ಕೆತ್ತಿವ್ನಿ.”

ಮಾಲೀಕ ನಮ್ಮ ಕೇರಿಯ ಹೆಸರೆತ್ತಿ ಒಂದು ಮಾತಾಡಿದ. ಅದನ್ನು ಇಲ್ಲಿ ಬರೆದು ಕಾಗದ ಹೊಲಸು ಮಾಡುವುದಿಲ್ಲ. ಆಮೇಲೆ ಆಳುಗಳನ್ನು ಕರೆದು ಮಾಡೆಲನ್ನು ಹಾಗೇ ಹೊತ್ತುಕೊಂಡು ಹೋದ.

ಸೈಟು ಮಾರಾಟ ಶುರುವಾದ ದಿನ ನಾವಿಬ್ಬರೂ ಅವನ ಶಾಮಿಯಾನಕ್ಕೆ ಹೋದೆವು. ಮಾಡೆಲಿನಲ್ಲಿ ಗುಡ್ಡೆಗಳಿದ್ದ ಕಡೆ ಈಗ ಪ್ಲಾಸ್ಟಿಕ್ಕಿನ ಹುಲ್ಲುಹಾಸು, ಜೋಕಾಲಿ, ಜಾರುಬಂಡೆ. ಸುತ್ತ ಜನ. ಚಿಕ್ಕಪ್ಪ ಬಗ್ಗಿ ಮೂಸಿ ನೋಡಿದ. “ಥೂ, ಕಸ್ಬು ಗೊತ್ತಿಲ್ದ ನನ್ಮಕ್ಳು. ಪ್ಲಾಸ್ಟಿಕ್ಕಿನ ಅಂಟು ಮರ ಕಚ್ಚಾಕಿಲ್ಲ” ಎಂದು ಉಗುರಿನಲ್ಲಿ ಅಂಚು ಮೀಟಿದ. ಪಾರ್ಕು ಪೂರ್ತಿ ದೋಸೆಯ ಹಾಗೆ ಎದ್ದು ಬಂತು.

“ಅಯ್ಯೋ, ಏನ್ರೀ ಅದು ಕೆಳಗಡೆ?” ಎಂದಳು ಸೈಟು ನೋಡಲು ಬಂದಿದ್ದ ಹೆಂಗಸು.

“ಸುಡುಗಾಡು ಕಣಮ್ಮ. ನಮ್ದು” ಎಂದ ಚಿಕ್ಕಪ್ಪ.

ಮಾಲೀಕನ ಆಳುಗಳು ಅವನನ್ನು ಶಾಮಿಯಾನದ ಹಿಂದಕ್ಕೆ ಎಳೆದುಕೊಂಡು ಹೋಗಿ ಹೊಡೆದರು. ಬಿಡಿಸಲು ಹೋದ ನನ್ನನ್ನೂ ತಳ್ಳಿದರು. ಠಾಣೆಯಲ್ಲಿ ದೂರು ತೆಗೆದುಕೊಳ್ಳಲಿಲ್ಲ. “ಓದಿದ ಹುಡುಗಿ, ಇದೆಲ್ಲ ಯಾಕಮ್ಮ ನಿನಗೆ?” ಎಂದು ಬುದ್ಧಿ ಹೇಳಿ ಕಳಿಸಿದರು. ಓದಿದ್ದೇ ಇದಕ್ಕೆ ಎಂದು ಅವತ್ತೇ ಹೇಳಬೇಕಿತ್ತು. ಈಗ ಹೇಳುತ್ತಿದ್ದೇನೆ: ನಾನು ಓದಿದ್ದು ಇದಕ್ಕೇ.

ಆ ಮಳೆಗಾಲ ಮುಗಿಯುವುದರೊಳಗೆ ಚಿಕ್ಕಪ್ಪ ಎದೆ ಹಿಡಿದುಕೊಂಡು ಅಂಗಡಿಯಲ್ಲೇ ಕುಸಿದ. ಹೆಣ ಊರಿಗೆ ತಂದಾಗ ಸ್ಮಶಾನದ ಸುತ್ತ ಕಾಂಪೌಂಡು ಎದ್ದಿತ್ತು, ಗೇಟಿಗೆ ಬೀಗ ಬಿದ್ದಿತ್ತು. ನಮ್ಮ ಹಿರಿಯರೇ ಹಿಂಜರಿದರು. “ಸಿಂಸಾ ಒಳೆ ದಡಕ್ಕೆ ತಕಂಡೋಗವ ಬುಡವ್ವ. ಸತ್ತೋನ್ಗೆ ಎಲ್ಲಾದ್ರೇನು?”

“ಸತ್ತವನಿಗೆ ಎಲ್ಲಾದರೂ ಆಯಿತು, ನನಗೆ ಆಗಲ್ಲ” ಎಂದೆ. “ಇವತ್ತು ಹೊಳೆ ದಡಕ್ಕೆ ಹೋದರೆ ನಾಳೆ ನಿಮ್ಮನ್ನೂ ಅಲ್ಲಿಗೇ ಹೊರಬೇಕು. ಅಪ್ಪನ ಪಕ್ಕ ಗುಂಡಿ ತೆಗೀರಿ.”

ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಅವತ್ತು ನಾನು ಮುಂದೆ ನಿಂತೆ. ಚಿಕ್ಕಮ್ಮ ಬಂದಳು, ಅವಳ ಹಿಂದೆ ಕೇರಿಯ ಹೆಂಗಸರೆಲ್ಲ ಬಂದರು. ಆಮೇಲೆ ಗಂಡಸರಿಗೂ ಮಾನ ಬಂತು, ಹಾರೆ ಬಂತು. ಬೀಗ ಒಡೆದೆವು. ಎದೆಮಟ್ಟ ಗುಂಡಿ ತೆಗೆದು ಅಪ್ಪನ ಪಕ್ಕದಲ್ಲೇ ಮಲಗಿಸಿದೆವು. ಮಾಲೀಕನ ಕಡೆಯವರು ದೂರದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ತೆಗೆದುಕೊಳ್ಳಲಿ.

ಈಗ ಲೇಔಟಿಗೆ ದೊಡ್ಡ ಕಮಾನು ಬಂದಿದೆ, ಕಾವಲುಗಾರ ಬಂದಿದ್ದಾನೆ. ಪಿತೃಪಕ್ಷಕ್ಕೆ ಎಡೆ ತೆಗೆದುಕೊಂಡು ಹೋದಾಗ ಅಡ್ಡಗಟ್ಟಿದ. ಹೊಸಬ, ಪಾಪ.

“ಯಾರನ್ನ ನೋಡ್ಬೇಕಮ್ಮ?”

“ನಮ್ಮ ಚಿಕ್ಕಪ್ಪನ್ನ.”

“ಯಾವ ಸೈಟು?”

ಗುಡ್ಡೆಗಳ ಕಡೆ ಕೈಯೆತ್ತಿ ತೋರಿಸಿದೆ. ಅವನು ಅತ್ತ ತಿರುಗಿ ನೋಡುವಷ್ಟರಲ್ಲಿ ಒಳಗೆ ನಡೆದಿದ್ದೆ.